ನನ್ನ ಭುಜ, ಮಾವನವರ ಕಾಲು

ಬಲಗೈಯನ್ನು ಕಿವಿಯಿಂದ ಮೇಲಕ್ಕೆ ಎತ್ತಲಾಗದೆ ನಾನು ನಾಲ್ಕು ತಿಂಗಳು ಕಳೆದಿದ್ದೇನೆ. ಇದೇನು ಹೇಳಿಕೊಳ್ಳುವಂಥ ಕಾಯಿಲೆಯೇ ಎಂದು ನಗಬೇಡಿ. ಅಂಗಿ ತೊಡಬೇಕಾದರೆ ಒಬ್ಬರು ತೋಳು ಹಿಡಿಯಬೇಕು, ತಲೆ ಬಾಚಲು ಒಬ್ಬರು ಬೇಕು, ಬಸ್ಸು ಹತ್ತಿದರೆ ಕಂಬಿ ಹಿಡಿಯಲಾಗದೆ ಪಕ್ಕದವರ ಮೇಲೆ ಬಿದ್ದು ಬೈಸಿಕೊಳ್ಳಬೇಕು. ಭುಜ ಉಳುಕಿಸಿಕೊಂಡು ಮನೆಯಲ್ಲಿ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ, ನನಗೂ ಹೀಗೇ ಆಗಿತ್ತು ಎಂದು ಹೇಳುವುದಕ್ಕೆ ಬರೆಯುತ್ತಿದ್ದೇನೆ. ಆದರೆ ನನಗೆ ಅದು ಹೇಗೆ ಆಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ಅಲ್ಲೇ ನಾಚಿಕೆ ಇರುವುದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕುಣಿಗಲ್ಲಿನವನು. ತುಮಕೂರಿನಲ್ಲಿ ಒಂದು ವಠಾರದ ಎರಡು ಕೋಣೆ ಬಾಡಿಗೆಗೆ ಹಿಡಿದು, ಊರಂಚಿನ ಸತ್ಯಮಂಗಲದ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತನಾಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಸುಶೀಲ, ಗುಬ್ಬಿ ತಾಲ್ಲೂಕಿನ ಕಡಬದವಳು. ಅವಳ ಅಪ್ಪ ರಂಗಪ್ಪನವರು ಎರಡು ತಿಂಗಳಿಗೊಮ್ಮೆ ತೋಟದ ಕಾಯಿಯನ್ನು ಒಂದು ಮೂಟೆ ಕಟ್ಟಿ ಬಸ್ಸಿನ ಟಾಪಿಗೆ ಹಾಕಿಸಿ ಕಳಿಸುತ್ತಿದ್ದರು.

ಅವತ್ತು ಬೆಳಿಗ್ಗೆ ಸೀಮೆಎಣ್ಣೆ ಸ್ಟೌ ಕಟ್ಟಿಕೊಂಡಿತ್ತು. ಪಿನ್ನು ಹಾಕಿ ಚುಚ್ಚಿದರೂ ಉರಿ ಹಳದಿಯಾಗಿ ಹೊಗೆ ಕಾರುತ್ತಿತ್ತೇ ಹೊರತು ಅನ್ನ ಬೇಯಲಿಲ್ಲ. ಷಿಫ್ಟಿಗೆ ಹೊತ್ತಾಗಿತ್ತು. ನಾನು ಸ್ನಾನ ಮುಗಿಸಿ ಹಿತ್ತಾಳೆ ಚೊಂಬು ಕೈಯಲ್ಲಿ ಹಿಡಿದು ಬಂದವನು, "ಇನ್ನೂ ಆಗಿಲ್ವಾ?" ಅಂದೆ.

"ಕಾಣಲ್ವಾ, ಸ್ಟೌ ಸರ್ಯಾಗಿ ಉರೀತಿಲ್ಲ. ಒಂದಿನ ಕ್ಯಾಂಟೀನಲ್ಲಿ ತಿಂದ್ರೆ ಏನಾಗುತ್ತೆ?" ಅಂದಳು ಸುಶೀಲ.

ಅಷ್ಟೇ ಮಾತು. ನಾನು ಚೊಂಬನ್ನು ಬೀಸಿ ಎಸೆದೆ. ಅದು ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿದು ಗಾರೆ ಉದುರಿಸಿತು. ಅದೇ ಗಳಿಗೆಯಲ್ಲಿ ನನ್ನ ಭುಜದೊಳಗೆ ಒದ್ದೆ ಬಟ್ಟೆ ಹರಿದಂತೆ ಏನೋ ಆಯಿತು. ಕೈ ಜೋತುಬಿತ್ತು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟೆ.

ಚೊಂಬು ಇನ್ನೂ ಉರುಳುತ್ತಿತ್ತು. ಸುಶೀಲ ಮೊದಲು ಸ್ಟೌ ಆರಿಸಿದಳು. ಆಮೇಲೆ ಮಣ್ಣಿನ ಮಡಕೆಯ ನೀರಿನಲ್ಲಿ ಒಂದು ಪಂಚೆಯ ತುಂಡನ್ನು ಅದ್ದಿ, ಹಿಂಡಿ, ತಂದು ನನ್ನ ಭುಜದ ಮೇಲೆ ಹಾಕಿದಳು. ತಣ್ಣಗೆ ಹಿತವಾಗಿತ್ತು. ಆದರೆ ಯಾರ ಕಡೆ ಎಸೆದೆನೋ ಅವಳ ಕೈಯಿಂದಲೇ ಆ ಹಿತ ಬಂದದ್ದು ತಡೆಯಲಾಗಲಿಲ್ಲ. "ಬೇಡ ಬುಡು" ಎಂದು ಎಡಗೈಯಲ್ಲಿ ಬಟ್ಟೆಯನ್ನು ಕಿತ್ತು ಪಕ್ಕಕ್ಕೆ ಹಾಕಿದೆ.

ಸದ್ದು ಕೇಳಿ ವಠಾರದ ಯಜಮಾನಿ ಬಾಗಿಲಿಗೆ ಬಂದರು. "ಏನಾಯ್ತಪ್ಪಾ ಕೈಗೆ?"

ಹಿಂದಿನ ಸಂಜೆ ಬಂದಿದ್ದ ತೆಂಗಿನಕಾಯಿ ಮೂಟೆ ಬಾಗಿಲ ಮರೆಯಲ್ಲೇ ಇತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. "ನಿನ್ನೆ ಬಸ್ಸಿನ ಮೇಲಿಂದ ಮೂಟೆ ಇಳುಸ್ದೆ ನೋಡಿ, ಆಗ್ಲೇ ಉಳುಕಿರ್ಬೇಕು" ಅಂದೆ. ನಿಜಕ್ಕೂ ಆ ಮೂಟೆಯನ್ನು ಇಳಿಸಿದವನು ಸ್ಟ್ಯಾಂಡಿನ ಹಮಾಲಿ. ನಾನು ಬೆರಳು ಕೂಡ ಹಚ್ಚಿರಲಿಲ್ಲ.

ಸುಶೀಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಗಾರೆಯ ಚೂರುಗಳನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡಳು.

ಎರಡನೆಯ ದಿನ ಸುದ್ದಿ ಮುಟ್ಟಿ ಕುಣಿಗಲ್ಲಿನಿಂದ ನಮ್ಮವ್ವ ಬಂದಿಳಿದಳು. ಅವ್ವ ಬಂದಳೆಂದರೆ ಮನೆಯೇ ಆಸ್ಪತ್ರೆ. ಹರಳೆಣ್ಣೆ ಕಾಯಿಸಿ, ಹೆಬ್ಬೆರಳು ಊರಿ, ಭುಜದಿಂದ ಮೊಣಕೈವರೆಗೆ ನೀವಿದಳು. ನಾನು ಅರಚಿದಷ್ಟೂ "ಗಂಟು ಸಿಕ್ತು, ತಡಿ ತಡಿ" ಎಂದು ಇನ್ನೂ ಜೋರಾಗಿ ನೀವುತ್ತಿದ್ದಳು. ಅದರ ಮೇಲೆ ಬಾಣಲೆಯಲ್ಲಿ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟಳು. ಸಂಜೆಯ ಹೊತ್ತಿಗೆ ಭುಜ ಊದಿ ಅಂಗಿಯ ತೋಳೊಳಗೆ ತೂರದಂತಾಯಿತು.

ಸುಶೀಲ ಒಮ್ಮೆ, "ಅತ್ತೆ, ತಣ್ಣೀರು ಬಟ್ಟೆ ಹಾಕಿ ಸುಮ್ನೆ ಬುಟ್ರೆ ಹೆಂಗೆ?" ಅಂದಳು.

"ನಿಮ್ಮಪ್ಪ ಕಾಯಿ ಕಳ್ಸೋದ್ರಲ್ಲಿ ನನ್ ಮಗನ ರಟ್ಟೆ ಕಿತ್ತೋಯ್ತು. ನೀನು ಈಗ ತಣ್ಣೀರು ಹಾಕಿ ನೆಗಡಿ ಬೇರೆ ಬರುಸ್ಬೇಡ ಕಣೇ" ಅಂದಳು ಅವ್ವ.

ನಾನು ಚಾಪೆಯ ಮೇಲೆ ಮಲಗಿಕೊಂಡು ಇದನ್ನು ಕೇಳಿಸಿಕೊಂಡೆ. ಬಾಯಿ ಬಿಡಬಹುದಾಗಿತ್ತು. ಬಿಡಲಿಲ್ಲ. ನೋವಿನವನಿಗೆ ಮಾತಾಡಲು ಆಗುವುದಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದು ನನಗೆ ಬಹಳ ಅನುಕೂಲವಾಯಿತು.

ಅವ್ವ ಗುಬ್ಬಿ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ ಸುದ್ದಿ ಕಡಬ ಮುಟ್ಟಿ, ಮಾರನೆಯ ದಿನ ಮಧ್ಯಾಹ್ನಕ್ಕೆ ಮಾವನವರು ಬಂದರು. ಒಳಗೆ ಕಾಲಿಡಲಿಲ್ಲ. ಹೊಸಿಲ ಹೊರಗೇ ಟವಲನ್ನು ಕಂಕುಳಲ್ಲಿ ಹಿಡಿದು ನಿಂತರು. "ಅಳಿಯಂದ್ರೇ, ಮೂಟೆ ಬಾಳ ಬಿಗಿದ್ಬುಟ್ಟಿದ್ದೆ. ಹತ್ತು ಕಾಯಿ ಕಮ್ಮಿ ಹಾಕಿದ್ರೆ ಆಗ್ತಿತ್ತು. ನನ್ ಬುದ್ಧಿಗೆ ಏನ್ ಹೇಳನ" ಅಂದರು. ಅವರ ಕಣ್ಣು ನನ್ನ ಭುಜದ ಮೇಲೇ ಇತ್ತು. ನಾನು ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡೆ.

ಈ ಮಾವನವರ ವಿಷಯ ಒಂದು ಹೇಳಬೇಕು. ಅವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಕಡಬದ ಸುತ್ತಮುತ್ತಲಿನವರು ಸೊಂಟ ಹಿಡಿದುಕೊಂಡರೆ, ಕತ್ತು ತಿರುಗದಿದ್ದರೆ, ಬರಿಹೊಟ್ಟೆಯಲ್ಲಿ ಅವರ ಬಾಗಿಲಿಗೆ ಬಂದು ಬೋರಲು ಮಲಗುತ್ತಿದ್ದರು. ಅವರು ಬಲಗಾಲಿನ ಹಿಮ್ಮಡಿಯನ್ನು ಮೂರು ಸಲ ಮೆಲ್ಲಗೆ ಸೋಕಿಸುತ್ತಿದ್ದರು. ಏನೂ ತೆಗೆದುಕೊಳ್ಳುತ್ತಿರಲಿಲ್ಲ. ದೊಡ್ಡ ಮನೆಯಲ್ಲ, ದೊಡ್ಡ ಮಾತಿಲ್ಲ. ಊರಲ್ಲಿ ಅವರಿಗೆ ಇದ್ದ ಮರ್ಯಾದೆಯೆಲ್ಲ ಆ ಒಂದು ಕಾಲಿನದು.

ಅವ್ವನಿಗೆ ಅದು ಗೊತ್ತಿತ್ತು. "ಬೀಗ್ರೇ, ಊರ್ನೋರಿಗೆಲ್ಲ ಉಳುಕು ತೆಗೀತೀರಿ. ನಿಮ್ ಅಳಿಯಂಗೆ ಒಂದ್ ಸಲ ಮುಟ್ಸಿ" ಅಂದಳು.

ಮಾವನವರು ಎರಡು ಹೆಜ್ಜೆ ಹಿಂದೆ ಸರಿದರು. "ಆಗಕ್ಕಿಲ್ಲ ತಾಯಿ. ಧಾರೆ ದಿನ ಇವರ ಪಾದ ತೊಳ್ದಿರೋ ಕೈ ಇದು. ಅಂಥೋರ ಮೈಗೆ ನನ್ ಕಾಲು ಸೋಕ್ಸಾದುಂಟಾ? ಬ್ಯಾರೆ ಏನಾರ ಹೇಳಿ."

"ಹಂಗಾದ್ರೆ ನನ್ ಮಗ ಕೈ ಇಲ್ದೆ ಇರ್ಲಾ? ನಿಮ್ ಮೂಟೆಯಿಂದ ಬಂದಿದ್ದು, ನಿಮ್ ಕಾಲಿಂದ ಹೋಗ್ಲಿ!"

ಮಾವನವರು ತಲೆಬಾಗಿ ಒಪ್ಪಿಕೊಂಡರು. ಆ ಮಾತಿಗೆ ಉತ್ತರ ಇದ್ದದ್ದು ನನ್ನಲ್ಲಿ.

ರಾತ್ರಿ ಜಗಲಿಯಲ್ಲೇ ಮಲಗಿದ್ದು, ಮಾರನೆಯ ಬೆಳಿಗ್ಗೆ ಅವರು ವಠಾರದ ನಲ್ಲಿಯಲ್ಲಿ ತಣ್ಣೀರು ಮಿಂದು, ಒಗೆದ ಪಂಚೆ ಉಟ್ಟು ಬಂದರು. ನಾನು ಬೋರಲು ಮಲಗಿದ್ದೆ. ಅವರು ಮೊದಲು ನನ್ನ ಕಾಲ ಬಳಿ ಕೂತು ಎರಡೂ ಪಾದಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾಯ್ತು" ಅಂದರು. ಅರವತ್ತು ದಾಟಿದ ಮನುಷ್ಯ. ನಾನು ಮುಖವನ್ನು ಒಂದಿಷ್ಟು ಹೊರಳಿಸಿದೆ. ಅಡುಗೆಮನೆಯ ಬಾಗಿಲಲ್ಲಿ ಸುಶೀಲ ಒಂದು ಕೈಯಲ್ಲಿ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಮುಖವನ್ನು ಮತ್ತೆ ಚಾಪೆಗೆ ಒತ್ತಿಕೊಂಡೆ. ಭುಜದ ಮೇಲೆ ಹಿಮ್ಮಡಿ ಬಂದು ಸೋಕಿತು. ಭಾರವೇ ಇರಲಿಲ್ಲ.

ಹೀಗೆ ಮೂರು ಬೆಳಿಗ್ಗೆ. ಮೂರನೆಯ ದಿನ ಅವ್ವ, "ಹೆಂಗೈತ್ಲಾ ಈಗ? ಎತ್ತು ನೋಡನ" ಅಂದಳು. ನಾನು ಎತ್ತಲು ಹೋದೆ. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಪ್ರಾಣ ಹೋದಂತಾಯಿತು. "ಹಂಗೇ ಐತೆ" ಅಂದೆ.

ಒಂದು ಸುಳ್ಳಿನಿಂದ ಒಬ್ಬರ ಮಾನ ಉಳಿಯಬಹುದಾಗಿದ್ದ ಕಡೆಯಲ್ಲಿ ನಾನು ನಿಜ ಹೇಳಿದ್ದೆ. ಮಾವನವರು ತಮ್ಮ ಬಲಗಾಲನ್ನು ಒಮ್ಮೆ ನೋಡಿಕೊಂಡರು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

ಆಮೇಲೆ ಆಸ್ಪತ್ರೆ. ಅವರೇ ಹಟ ಮಾಡಿ ಕರೆದುಕೊಂಡು ಹೋದರು. ಹೊರರೋಗಿಗಳ ಬೆಂಚಿನ ಮೇಲೆ ಒಂದು ಬೆಳಗ್ಗೆಯೆಲ್ಲ ಕೂತಿದ್ದೆವು. ಆ ಬೆಂಚಿನ ವಿಷಯ ಹೋದವರಿಗೆ ಗೊತ್ತು. ಅಲ್ಲಿ ಯಾರಿಗೂ ಗುಟ್ಟಿಲ್ಲ. ನನ್ನ ಪಕ್ಕದಲ್ಲಿ ಬೆಳ್ಳಾವಿಯ ಒಬ್ಬ ಹೆಂಗಸು ಮೊಣಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬಾವಿಕಟ್ಟೆಯಲ್ಲಿ ಜಾರಿದ್ದಂತೆ. ತನ್ನ ಕಥೆ ಮುಗಿಸಿ, "ನಿಮಗೇನಪ್ಪಾ?" ಅಂದಳು. ನನಗಿಂತ ಮುಂಚೆ ಮಾವನವರೇ, "ನಾನು ಮೂಟೆ ಕಳ್ಸಿ ಇವ್ರಿಗೆ ಹಿಂಗ್ ಮಾಡ್ದೆ ಕಣವ್ವ" ಅಂದರು. ಬೆಂಚಿನ ಆ ತುದಿಯವರು ಕೇಳಿದಾಗಲೂ ಅದನ್ನೇ ಹೇಳಿದರು. ಕಾಂಪೌಂಡರು ಚೀಟಿ ಬರೆಯುವಾಗಲೂ ಅದನ್ನೇ ಹೇಳಿದರು. ಆ ಹೆಂಗಸು ತನ್ನ ಗಂಟಿನಿಂದ ಒಂದು ಸೀಬೆಹಣ್ಣು ತೆಗೆದು ಅವರ ಕೈಗಿಟ್ಟು, "ಬೇಕಂತ ಮಾಡುದ್ರಾ? ಬುಡಿ, ಅತ್ಲಾಗೆ" ಅಂದಳು. ಅವರು ಹಣ್ಣನ್ನು ಒಡೆದು ದೊಡ್ಡ ಹೋಳನ್ನು ನನಗೆ ಕೊಟ್ಟರು. ನಾನು ತಿಂದೆ.

ಡಾಕ್ಟರು ಒತ್ತಿ, ತಿರುಗಿಸಿ, ನೋಡಿದರು. "ಏನ್ ಮಾಡ್ವಾಗ ಆಗಿದ್ದು?"

"ಮೂಟೆ ಇಳ್ಸೋವಾಗ ಸಾರ್."

"ಏನನ್ನಾದ್ರೂ ಜೋರಾಗಿ ಎಸೆದ್ರಾ? ಕ್ರಿಕೆಟ್ಟು ಗಿಕೆಟ್ಟು ಆಡ್ತೀರಾ?"

ಮಾವನವರು ನಕ್ಕುಬಿಟ್ಟರು. "ನಮ್ ಅಳಿಯಂದ್ರು ಅಂಥ ಆಟಗೀಟದೋರಲ್ಲ ಸಾರ್. ಬಾಳ ಸಮಾಧಾನಿ."

ಡಾಕ್ಟರು ಊತ ನೋಡಿ, "ಇದನ್ನ ಯಾರು ತಿಕ್ಕಿದ್ದು? ಶಾಖ ಯಾರು ಕೊಟ್ಟಿದ್ದು? ಹೊಸ ಉಳುಕನ್ನ ಹೀಗಾ ಗೋಳಾಡ್ಸೋದು? ಮೊದಲ ಎರಡು ದಿನ ತಣ್ಣೀರು ಬಟ್ಟೆ ಹಾಕಿ ತೆಪ್ಪಗೆ ಇದ್ದಿದ್ರೆ ಸಾಕಿತ್ತು" ಎಂದು ಬೈದರು. ಕೆಲವು ದಿನ ಕೈಯನ್ನು ಕತ್ತಿಗೆ ಜೋಲಿ ಕಟ್ಟಿಕೊಳ್ಳಬೇಕು, ಆಮೇಲೆ ಬಿಚ್ಚಿ ದಿನಾ ಸ್ವಲ್ಪ ಸ್ವಲ್ಪ ಆಡಿಸಬೇಕು ಎಂದರು.

ಸುಶೀಲ ತನ್ನ ಹಳೆಯ ಸೀರೆಯನ್ನು ಹರಿದು ಜೋಲಿ ಕಟ್ಟಿದಳು. ಕಟ್ಟುವಾಗ ಗಂಟು ಕತ್ತಿಗೆ ಒತ್ತದಂತೆ ಪಕ್ಕಕ್ಕೆ ಸರಿಸಿದಳು. ನನ್ನ ಮುಖ ನೋಡಲಿಲ್ಲ. ದಿನಾ ತಲೆ ಬಾಚಿದಳು, ಅಂಗಿಯ ಗುಂಡಿ ಹಾಕಿದಳು, ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ತಟ್ಟೆಯ ಅಂಚಿಗೆ ಇಟ್ಟಳು, ನಾನು ಎಡಗೈಯಲ್ಲಿ ತಿನ್ನಲೆಂದು. ಒಮ್ಮೆಯೂ ಆ ಬೆಳಗಿನ ಮಾತೆತ್ತಲಿಲ್ಲ. ಎತ್ತಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಜೋಲಿ ಬಿಚ್ಚುವ ದಿನ ಬಂದರೂ ಬಿಚ್ಚಲಿಲ್ಲ. ಜೋಲಿ ಕಟ್ಟಿದವನನ್ನು ಕಂಡರೆ ಕಾರ್ಖಾನೆಯಲ್ಲಿ ಕುರ್ಚಿ ಕೊಡುತ್ತಿದ್ದರು, ಬಸ್ಸಿನಲ್ಲಿ ಜಾಗ ಬಿಡುತ್ತಿದ್ದರು. ಆ ಬಟ್ಟೆಯ ಹಿಂದೆ ಅಡಗಿಕೊಂಡಿರುವುದು ರೂಢಿಯಾಯಿತು. ಒಂದೂವರೆ ತಿಂಗಳ ಮೇಲೆ ಬಿಚ್ಚಿದಾಗ ಭುಜ ತುಕ್ಕು ಹಿಡಿದ ಕೀಲಿನ ಹಾಗೆ ಗಟ್ಟಿಯಾಗಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಬೈಗುಳ. ಗೋಡೆಯ ಮುಂದೆ ನಿಂತು, ಬೆರಳುಗಳನ್ನು ಒಂದೊಂದೇ ಮೇಲಕ್ಕೆ ನಡೆಸುತ್ತಾ ಕೈ ಏರಿಸುವ ಅಭ್ಯಾಸ ಹೇಳಿಕೊಟ್ಟರು. ನಿಮಗೂ ಭುಜ ಉಳುಕಿದ್ದರೆ, ನೋವಿಗೆ ಹೆದರಿ ಕೈಯನ್ನು ಮರೆತುಬಿಡಬೇಡಿ. ಬೇರೆ ಯಾವುದಕ್ಕೆ ಹೆದರಿಯೂ ಬೇಡ.

ಆ ಹೊತ್ತಿಗೆ ಕಡಬದ ಪುಟ್ಟಮ್ಮ ಎಂಬುವವರು ತುಮಕೂರಿಗೆ ಯಾವುದೋ ಕೆಲಸಕ್ಕೆ ಬಂದವರು ನಮ್ಮ ಮನೆಯಲ್ಲಿ ಕಾಫಿಗೆ ಕೂತರು. "ನಿಮ್ಮಪ್ಪ ಯಾಕವ್ವ ಹಿಂಗಾದ್ರು?" ಎಂದು ಸುಶೀಲಳನ್ನು ಕೇಳಿದರು. "ಸೊಂಟ ಹಿಡ್ಕಂಡು ಮೂರ್ ದಿನ ಒದ್ದಾಡಿ ಅವರ ಬಾಗ್ಲಿಗೋದೆ. ಒಳೀಕೆ ಬರಬ್ಯಾಡ ಅಂದ್ಬುಟ್ರು. ಕಾಲು ತೊಳ್ದ ಅಳಿಯನ ಮೈ ತುಳ್ದೆ, ಅವತ್ತೇ ನನ್ ಕಾಲಿನ ಗುಣ ಹೋಯ್ತು, ಬ್ಯಾರೆ ಕಡೆ ನೋಡ್ಕಳಿ ಅಂತಾರೆ. ಯಾರು ಬಂದ್ರೂ ಅದೇ ಮಾತು. ಜಗಲಿ ಮ್ಯಾಲೆ ಕೂರೋದ್ನೂ ಬುಟ್ಟವ್ರೆ."

ಪುಟ್ಟಮ್ಮ ಹೋದ ಮೇಲೆ ಸುಶೀಲ ಅತ್ತಳು. ಚೊಂಬು ಬಿದ್ದ ದಿನ ಅತ್ತಿರಲಿಲ್ಲ, ಅವ್ವ ಬೈದಾಗ ಅತ್ತಿರಲಿಲ್ಲ. ಕಣ್ಣೊರೆಸಿಕೊಂಡು, "ನಾನೇ ಹೋಗಿ ಹೇಳ್ಬಹುದು. ಹೇಳಲ್ಲ. ಅದು ನಿಮ್ಮ ಬಾಯಲ್ಲೇ ಬರ್ಬೇಕು" ಅಂದಳು.

ಭಾನುವಾರ ಕಡಬಕ್ಕೆ ಹೋದೆ. ಮಾವನವರು ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು, ಟವಲಿನಿಂದ ಒಂದು ಕಲ್ಲನ್ನು ಒರೆಸಿ, ಕೂರಿ ಅಂದರು. "ಕೈ ಹೆಂಗೈತೆ?" ಅಂದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಮಾವ, ನಾನು ಮೂಟೆ ಇಳುಸ್ಲೇ ಇಲ್ಲ. ಹಮಾಲಿ ಇಳಿಸಿದ್ದು. ಸುಶೀಲನ ಮೇಲೆ ಕೋಪ ಬಂದು ಚೊಂಬು ಎಸೆದೆ. ಆಗ ಉಳುಕ್ತು."

ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಅವಳಿಗೆ ತಗುಲ್ತಾ?"

"ಇಲ್ಲ. ಪಕ್ಕಕ್ಕೆ ಹೋಯ್ತು."

"ನೀವು ಪಕ್ಕಕ್ಕೆ ಎಸುದ್ರಾ, ಇಲ್ಲ ಅದೇ ಪಕ್ಕಕ್ಕೆ ಹೋಯ್ತಾ?"

ಇಷ್ಟು ದಿನ ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ಹೆದರಿಸಲು ಎಸೆದೆ ಎಂದುಕೊಂಡೇ ಇದ್ದೆ. ಸಿಪ್ಪೆಯ ರಾಶಿಯನ್ನು ನೋಡುತ್ತಾ, "ಅದೇ ಹೋಯ್ತು" ಅಂದೆ.

"ಇದೇ ಮೊದ್ಲಾ?"

"ಅಲ್ಲ. ಮುಂಚೆ ಒಂದ್ಸಲ ತಟ್ಟೆ."

ಅವರು ತಮ್ಮ ಬಲಗಾಲನ್ನು ಮುಂದೆ ಚಾಚಿ ನೋಡಿದರು. "ಅಂಗಾರೆ ಇದ್ರದ್ದೇನೂ ತಪ್ಪಿಲ್ಲ" ಅಂದರು. ಅದರಲ್ಲಿ ಸಂತೋಷವೇನೂ ಇರಲಿಲ್ಲ. ಒಂದು ಹೊರೆ ಇಳಿದ ಜಾಗಕ್ಕೆ ಅದಕ್ಕಿಂತ ದೊಡ್ಡದನ್ನು ನಾನು ತಂದಿಟ್ಟಿದ್ದೆ. ಆಮೇಲೆ ಮನೆಗೆ ಕರೆದುಕೊಂಡು ಹೋಗಿ, ಕೈಗೆ ನೀರು ಕೊಟ್ಟು, ಪಕ್ಕದಲ್ಲಿ ಕೂತು ಊಟ ಹಾಕಿಸಿದರು. ಬಸ್ಸಿಗೆ ಬಿಡಲು ಬಂದಾಗ ಹೇಳಿದರು: "ಸುಶೀಲನ್ನ ಕಳುಸ್ಕೊಡಿ. ಕರ್ಕೊಂಡು ಹೋಗಕ್ಕೆ ನೀವು ಬರಬ್ಯಾಡಿ. ಅವಳಿಗೆ ಬರಬೇಕು ಅನ್ನುಸ್ದಾಗ ನಾನೇ ಕರ್ಕೊಂಡು ಬತ್ತೀನಿ. ಅನ್ನುಸ್ದಿದ್ರೆ ಇಲ್ಲ."

ಅವಳು ಹೋದಳು. ನಾನು ಎಡಗೈಯಲ್ಲಿ ಸ್ಟೌ ಚುಚ್ಚುವುದನ್ನು ಕಲಿತೆ. ಎಷ್ಟೋ ದಿನ ಉರಿ ಹತ್ತದೆ ಬರಿಹೊಟ್ಟೆಯಲ್ಲಿ ಷಿಫ್ಟಿಗೆ ಹೋದೆ. ಬೆಳಿಗ್ಗೆ ಸಂಜೆ ಗೋಡೆಯ ಮುಂದೆ ನಿಂತು ಬೆರಳು ನಡೆಸಿದೆ. ಗಾರೆ ಉದುರಿದ ಗುಳಿ ನನ್ನ ಕಣ್ಣಿನ ಮಟ್ಟಕ್ಕೆ ಇತ್ತು. ಬೆರಳುಗಳು ಅದನ್ನು ದಾಟಿ ಮೇಲೆ ಹೋಗಲು ಹದಿನೆಂಟು ದಿನ ಹಿಡಿಯಿತು. ಅವಳು ಬರುತ್ತಾಳೋ ಇಲ್ಲವೋ ಎಂಬುದು ಅಷ್ಟು ದಿನವೂ ಗೊತ್ತಿರಲಿಲ್ಲ.

ತಿಂಗಳು ಕಳೆದು ನಾಲ್ಕನೆಯ ದಿನ ಇಬ್ಬರೂ ಬಂದರು. ಮಾವನವರು ಈ ಸಲ ಬಂದವರೇ ಹೊಸಿಲು ದಾಟಿ ಒಳಗೆ ಕೂತರು. "ನೆನ್ನೆ ಹೊತ್ತಾರೆ ಇಬ್ರು ಬಂದಿದ್ರು. ಒಬ್ಬಂದು ಕತ್ತು, ಒಬ್ಬಂದು ಸೊಂಟ" ಎಂದು ಮಗಳಿಗೆ ಹೇಳುವವರಂತೆ ನನಗೆ ಹೇಳಿದರು. ಸಂಜೆಯ ಬಸ್ಸಿಗೆ ಹೊರಟರು.

ಸುಶೀಲ ಟ್ರಂಕನ್ನು ಬಿಚ್ಚಲಿಲ್ಲ. ಅದರ ಮೇಲೇ ಕೂತು, "ಅತ್ತೆಗೆ ಹೇಳಿದ್ರಾ?" ಅಂದಳು.

"ಇಲ್ಲ."

"ಮೊದಲು ಹೇಳ್ಬನ್ನಿ."

ಕುಣಿಗಲ್ಲಿಗೆ ಹೋದಾಗ ಅವ್ವ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಳು ಹಿಸುಕುತ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ. ಹಮಾಲಿ, ಚೊಂಬು, ಗೋಡೆ, ತಟ್ಟೆ, ಎಲ್ಲ. ಬೀಗರಿಗೆ ತಾನು ಆಡಿದ ಮಾತುಗಳನ್ನು ನೆನೆದು ಬೈಯುತ್ತಾಳೆಂದುಕೊಂಡೆ. ಅಥವಾ ಗಂಡಸು ಅಂದ ಮೇಲೆ ಇದೆಲ್ಲ ಇದ್ದದ್ದೇ ಎನ್ನುತ್ತಾಳೆ ಎಂದು, ಇನ್ನೂ ನಾಚಿಕೆಗೆಟ್ಟು, ಆಸೆಪಟ್ಟೆ.

ಅವ್ವನ ಬೆರಳು ನಿಲ್ಲಲಿಲ್ಲ. ಒಂದೊಂದೇ ಕಾಳು ಸಿಪ್ಪೆಯಿಂದ ಚಿಮ್ಮಿ ಮೊರಕ್ಕೆ ಬೀಳುತ್ತಿತ್ತು. ಕೊನೆಗೆ ತಲೆ ಎತ್ತದೆ ಅಂದಳು:

"ನಿಮ್ಮಪ್ಪಂಗೆ ಎಷ್ಟ್ ಎಸುದ್ರೂ ಒಂದಿನವೂ ರಟ್ಟೆ ಉಳುಕ್ಲಿಲ್ಲ ಕಣೋ."